ಇಬ್ಬರು ಹುಡುಗಿಯರನ್ನು ಒಬ್ಬಳೆಂದು ಎಣಿಸಿದ ಪ್ರವೇಶ ವಿಭಾಗಕ್ಕೆ

ಮಾನ್ಯ ಪದವಿ ಪ್ರವೇಶ ವಿಭಾಗದ ಮುಖ್ಯಾಧಿಕಾರಿಗಳೇ,

ನನ್ನ ಅಕ್ಕನ ಮಗಳು ಸೌಮ್ಯಳಿಗೆ ಹೊಸೂರಿನ ಸರ್ಕಾರಿ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಸೀಟು ಸಿಗಬೇಕಿತ್ತು. ಅಂಕವಿತ್ತು, ಅರ್ಜಿಯಿತ್ತು, ಅರ್ಹತೆಯೂ ಇತ್ತು. ಆದರೆ ನಿಮ್ಮ ಕಂಪ್ಯೂಟರ್ ಅವಳನ್ನು ಪಕ್ಕದ ಮನೆಯ ಮುನಿರತ್ನಳ ನಕಲು ಎಂದು ತೀರ್ಮಾನಿಸಿ ಅಳಿಸಿಹಾಕಿತು. ಕಾರಣ, ಇಬ್ಬರ ಅರ್ಜಿಯಲ್ಲೂ ಇದ್ದದ್ದು ಒಂದೇ ಮೊಬೈಲ್ ನಂಬರ್. ಹೆಸರು ಬೇರೆ, ಅಪ್ಪ ಬೇರೆ, ಅಂಕ ಬೇರೆ, ಮೂಗು ಮೋರೆ ಎಲ್ಲವೂ ಬೇರೆ. ಫೋನ್ ಒಂದೇ ಆದ್ದರಿಂದ ಮನುಷ್ಯರೂ ಒಂದೇ. ಅದ್ವೈತವನ್ನು ಇಷ್ಟು ಅಗ್ಗವಾಗಿ ಸಾಧಿಸಿದ ಕಚೇರಿ ಇನ್ನೊಂದಿರಲಾರದು.

ನಿಮ್ಮದು ತಮಿಳುನಾಡು ಸರ್ಕಾರದ ಕಚೇರಿಯಲ್ಲವೇ, ಇದನ್ನೆಲ್ಲ ಮೊದಲು ತಮಿಳಿನಲ್ಲಿ ಬರೆದು ನಿಮಗೆ ಕಳಿಸಿದ್ದೆ. 'ನಿಮ್ಮ ದೂರು ನಮಗೆ ಮುಖ್ಯ' ಎಂದು ಮರುಗಳಿಗೆಯೇ ಉತ್ತರ ಬಂತು. ಅಷ್ಟು ಬೇಗ ಉತ್ತರಿಸಿದ್ದು ಮನುಷ್ಯರಲ್ಲ ಎಂಬುದು ನನಗೂ ಗೊತ್ತಾಯಿತು. ಹಾಗಾಗಿ ಈಗ ನಾಲ್ಕು ಜನ ಓದುವಂತೆ, ನನ್ನ ಮಾತಿನಲ್ಲೇ ಬರೆಯುತ್ತಿದ್ದೇನೆ. ನಾನು ಕನ್ನಡ ಮಾಧ್ಯಮದ ಬಿ.ಎ.; ಪ್ರಾಸ ಸಿಕ್ಕರೆ ಬಿಡದ ಚಾಳಿಯುಂಟು. ಸಹಿಸಿಕೊಳ್ಳಿ. ನಿಮ್ಮನ್ನು ನಾವು ಸಹಿಸಿಕೊಂಡಿಲ್ಲವೇ?

ಅಂಚೆಟ್ಟಿಯಿಂದಾಚೆ ಕಾಡಂಚಿನಲ್ಲಿ ನನ್ನ ಅಕ್ಕ ಅಂಜಿನಮ್ಮನ ಊರು. ಅಲ್ಲಿ ಫೋನಿಲ್ಲವೆಂದಲ್ಲ. ಅಕ್ಕನ ಮನೆಯಲ್ಲೂ ಒಂದಿದೆ; ಅದರ ಟಾರ್ಚ್ ಬಹಳ ಚೆನ್ನಾಗಿ ಹತ್ತುತ್ತದೆ. ಇಲ್ಲದ್ದು ಸಿಗ್ನಲ್. ಗುಡ್ಡ ಇಳಿದು ಬಸ್ಸು ತಿರುಗುವ ಜಾಗಕ್ಕೆ ಬಂದರೆ ತಿಮ್ಮರಾಜುವಿನ ಟೀ ಅಂಗಡಿ. ಸಿಗ್ನಲ್ ಬರುವುದು ಅಲ್ಲಿಗೆ. ಆದ್ದರಿಂದ ಗ್ಯಾಸಿಗೆ, ರೇಷನ್ನಿಗೆ, ಪಿಂಚಣಿಗೆ, ಆಸ್ಪತ್ರೆಗೆ, ಇಡೀ ಊರು ಬರೆಸುವುದು ತಿಮ್ಮರಾಜುವಿನ ನಂಬರನ್ನೇ. ಅವನು ಬಂದ ಸುದ್ದಿಯನ್ನು ಗುಡ್ಡ ಹತ್ತುವವರ ಬಾಯಲ್ಲಿ ಕಳಿಸುತ್ತಾನೆ. 'ಕನಕಮ್ಮಂಗೆ ಗ್ಯಾಸ್ ಬಂದದೆ ಅಂತ ಹೇಳ್ಬುಡಣ್ಣೋ' ಎಂದರೆ ಸಾಕು, ಸಂಜೆಯೊಳಗೆ ಕನಕಮ್ಮನಿಗೆ ಮುಟ್ಟುತ್ತದೆ. ಈ ಏರ್ಪಾಡಿನಲ್ಲಿ ಒಂದು ಸುದ್ದಿಯೂ ದಾರಿ ತಪ್ಪಿದ್ದಿಲ್ಲ. ಪ್ಲಸ್ ಟೂ ಮುಗಿಸಿದ ಸೌಮ್ಯ ಮತ್ತು ಕನಕಮ್ಮನ ಮಗಳು ಮುನಿರತ್ನ ಜೊತೆಯಲ್ಲೇ ಅಂಚೆಟ್ಟಿಗೆ ಹೋಗಿ, ಒಂದೇ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಅರ್ಜಿ ಹಾಕಿದಾಗಲೂ ಊರ ಪದ್ಧತಿಯಂತೆ ಅದೇ ನಂಬರ್ ಕೊಟ್ಟರು. ಮೊದಲು ಸೌಮ್ಯ, ಆಮೇಲೆ ಮುನಿರತ್ನ. ನಿಮ್ಮ ವೆಬ್‌ಸೈಟು ಚಕಾರವೆತ್ತದೆ ಎರಡನ್ನೂ ಸ್ವೀಕರಿಸಿತು. ಶುಲ್ಕವನ್ನೂ.

ಇಲ್ಲೊಂದು ಸಣ್ಣ ಪ್ರಶ್ನೆ. ಒಂದು ನಂಬರಿಗೆ ಒಬ್ಬರೇ ಎಂಬುದು ನಿಯಮವಾಗಿದ್ದರೆ, ಎರಡನೆಯವಳು ನಂಬರ್ ಒತ್ತಿದ ಕೂಡಲೇ ಆಗದು ಎನ್ನಬಹುದಿತ್ತಲ್ಲವೇ? ಪಡೆಯುವಾಗ ಇಬ್ಬರು, ಕೊಡುವಾಗ ಒಬ್ಬರು. ಇದು ಯಾವ ಶಾಲೆಯ ಗಣಿತ, ಯಾರು ಕಲಿಸಿದ ಗುಣಿತ?

ಸೀಟು ಹಂಚುವ ಹೊತ್ತಿಗೆ ತಿಮ್ಮರಾಜುವಿಗೆ ಇಂಗ್ಲಿಷಿನಲ್ಲೊಂದು ಸಂದೇಶ ಬಂತು. ನಕಲು ಅರ್ಜಿಯನ್ನು ತೆಗೆದುಹಾಕಲಾಗಿದೆ, ಉಳಿದ ಅರ್ಜಿ ಚಾಲ್ತಿಯಲ್ಲಿದೆ. ಯಾರದು ಹೋಯಿತು, ಯಾರದು ಉಳಿಯಿತು, ಹೆಸರಿಲ್ಲ. ತಿಮ್ಮರಾಜು ಅಕ್ಷರ ಕೂಡಿಸಿ ಓದಿದ. ನಮ್ಮ ಹುಡುಗಿಯರು ಯಾರ ನಕಲೂ ಅಲ್ಲವೆಂಬುದು ಅವನಿಗೆ ಗೊತ್ತಿತ್ತು. ಆ ದಿನ ಗಿರಾಕಿಗಳನ್ನು ಬಿಟ್ಟು ತಾನೇ ಗುಡ್ಡ ಹತ್ತಿದ.

"ಅಂಜಿನಕ್ಕಾ, ಇಬ್ರುದೂ ಓಕೆ ಆಗೈತೆ! ಯಾವ್ದೋ ಡೂಪ್ಲಿಕೇಟು ಸೇರ್ಕೊಂಡಿತ್ತಂತೆ, ಕಿತ್ತಾಕವ್ರೆ. ನಮ್ ಹುಡ್ಗೀರ್ದು ಒರಿಜಿನಲ್ಲು ಕಣಕ್ಕಾ!"

ಅಕ್ಕ ಮುನೇಶ್ವರನಿಗೆ ಕಾಯಿ ಒಡೆದಳು. ಇಬ್ಬರೂ ಹೊಸೂರಿನ ನನ್ನ ಮನೆಯಲ್ಲಿದ್ದು ಓದುವುದೆಂದು ಮಾತಾಯಿತು. ಸೇರುವ ದಿನ ಕಾಲೇಜಿನ ಗೋಡೆಯ ಮೇಲಿನ ಪಟ್ಟಿಯಲ್ಲಿ ವಾಣಿಜ್ಯದ ಕೆಳಗೆ ಮುನಿರತ್ನ ಇದ್ದಳು. ಭೌತಶಾಸ್ತ್ರದ ಕೆಳಗೆ ಸೌಮ್ಯ ಇರಲಿಲ್ಲ.

ನಾನು, ಅಕ್ಕ, ಸೌಮ್ಯ ನಿಮ್ಮ ವಿಭಾಗದ ಕೌಂಟರಿಗೆ ಬಂದೆವು. ಅಲ್ಲಿದ್ದವರು ಕೆಟ್ಟವರಲ್ಲ. ನೀರು ಕೊಟ್ಟರು, ಕೂರಿಸಿದರು, ಕಂಪ್ಯೂಟರ್ ನೋಡಿದರು. "ಸಿಸ್ಟಂ ಎಡುಕ್ಕಾದು ಸಾರ್" ಎಂದರು. ಸಿಸ್ಟಂ ತೆಗೆದುಕೊಳ್ಳುವುದಿಲ್ಲವಂತೆ. ಒಂದು ನಂಬರಿಗೆ ಎರಡು ಅರ್ಜಿ ಬಂದರೆ ಹಿಂದಿನದನ್ನು ತೆಗೆದು ಕೊನೆಯದನ್ನು ಉಳಿಸುತ್ತದಂತೆ.

ನನ್ನ ಅಕ್ಕನಿಗೆ ಮೂರು ಭಾಷೆಯಲ್ಲಿ ಜಗಳವಾಡಲು ಬರುತ್ತದೆ. ದುಃಖ ಬಂದಾಗ ಮಾತ್ರ ಕನ್ನಡ.

"ಸಾರ್, ನಮ್ಮೂರ್ಗೆ ನೀವು ಗೌರ್ಮೆಂಟೋರು ಒಂದೇ ಬಸ್ಸು ಬುಟ್ಟಿದ್ದೀರಿ. ಅದ್ರಾಗೆ ಬರೋರೆಲ್ಲಾ ಒಬ್ರೇನಾ?"

ಕೌಂಟರಿನವರು ನಕ್ಕರು. ಆಮೇಲೆ ನಗು ನಿಲ್ಲಿಸಿ, ದನಿ ತಗ್ಗಿಸಿ, ಸಹಾಯ ಮಾಡುವವರಂತೆ ಒಂದು ದಾರಿ ತೋರಿಸಿದರು: ಮುನಿರತ್ನ ತನಗೆ ಸೀಟು ಬೇಡವೆಂದು ಬರೆದುಕೊಟ್ಟರೆ ನಂಬರ್ ಬಿಡುಗಡೆಯಾಗುತ್ತದೆ, ಸೌಮ್ಯಳ ಅರ್ಜಿಗೆ ಮತ್ತೆ ಜೀವ ಬರುತ್ತದೆ.

ಸೌಮ್ಯ ಎದ್ದು ನಿಂತಳು. "ಬಾ ಮಾವ, ಹೋಗಾನ" ಎಂದಳು. ಅಷ್ಟೇ.

ಮಾನ್ಯರೇ, ಆ ಸಲಹೆ ನಿಮ್ಮ ಕಚೇರಿಯಲ್ಲೇ ಉಳಿಯಲಿಲ್ಲ. ಅದಕ್ಕೆ ಸಿಗ್ನಲ್ ಬೇಕಿರಲಿಲ್ಲ. ಊರಿಗೆ ಹೋದ ಅಕ್ಕ ಹೊಟ್ಟೆಯುರಿ ತಾಳದೆ ನೀರಿನ ತೊಂಬೆಯ ಹತ್ತಿರ ಕನಕಮ್ಮನ ಮುಂದೆ ಆಡಿಬಿಟ್ಟಳು.

"ನಿನ್ ಮಗ್ಳು ಬುಟ್ಕೊಟ್ರೆ ನನ್ ಮಗ್ಳಿಗೆ ಸಿಗ್ತದಂತೆ ಕಣೆ ಕನಕಾ."

"ಏನಕ್ಕಾ, ನನ್ ಮಗ್ಳೇನ್ ಕದ್ಕಂಡ್ ಬಂದವ್ಳಾ?"

ಅಲ್ಲಿಂದ ಎರಡು ಮನೆಗಳ ನಡುವೆ ಮಾತಿಲ್ಲ. ಒಬ್ಬರ ಮನೆಯ ಸಾರು ಇನ್ನೊಬ್ಬರ ಮುದ್ದೆಗೆ ಬೀಳುತ್ತಿದ್ದ ಮನೆಗಳವು. ತಿಮ್ಮರಾಜು, "ನನ್ ನಂಬರ್ ಇನ್ ಯಾರೂ ಕೊಡ್ಬ್ಯಾಡ್ರಪ್ಪಾ, ಪಾಪ ಸುತ್ಕಂತದೆ" ಎಂದು ಕೈಮುಗಿದಿದ್ದಾನೆ. ಊರಿನ ಮುದುಕಿಯರು ಪಿಂಚಣಿಗೆ ಯಾರ ನಂಬರ್ ಬರೆಸಬೇಕೋ, ಅದನ್ನೂ ತಾವೇ ತಿಳಿಸಬೇಕು.

ಮುನಿರತ್ನ ಕೆಲವು ದಿನ ನಮ್ಮ ಮನೆಯಿಂದ ಕಾಲೇಜಿಗೆ ಹೋದಳು. ನನ್ನ ಹೆಂಡತಿ ಬಡಿಸಿದರೆ ಅರ್ಧಕ್ಕೇ ಏಳುತ್ತಿದ್ದಳು. ಒಂದು ಬೆಳಿಗ್ಗೆ ಚೀಲ ಕಟ್ಟಿಕೊಂಡು ಊರಿಗೆ ಹೊರಟುಹೋದಳು. ಮರುದಿನದ ಬಸ್ಸಿಗೆ ನಾನೂ ಹೋದೆ. ಅಷ್ಟರಲ್ಲಿ ಸೌಮ್ಯ ಅವಳ ಮನೆ ಬಾಗಿಲಲ್ಲಿ ನಿಂತು ಬಯ್ಯುತ್ತಿದ್ದಳು.

"ಓಗೇ ಕಾಲೇಜ್ಗೆ! ನೀನ್ ಮನೇಲಿ ಕುಂತ್ರೆ ನಂಗೆ ಫಿಸಿಕ್ಸ್ ಬಂದ್ಬುಡ್ತದಾ?"

"ನೀನ್ ಇಲ್ದೆ ನಿಮ್ ಮಾವನ್ ಮನೇಲಿ ಅನ್ನ ಎಂಗೆ ತಿನ್ಲೇ ನಾನು?"

ಇದಕ್ಕೆ ನಿಮ್ಮ ಬಳಿ ಉತ್ತರವಿದೆಯೇ? ಇಬ್ಬರನ್ನು ಒಬ್ಬಳೆಂದು ಎಣಿಸಿದ ನಿಮ್ಮ ಯಂತ್ರ ಈಗ ಆ ಒಬ್ಬಳನ್ನೂ ಸೊನ್ನೆ ಮಾಡುವ ಹಾದಿಯಲ್ಲಿದೆ. ಒಂದೇ ನಂಬರಿನಿಂದ ದುಡ್ಡಿದ್ದವರು ಹತ್ತು ಅರ್ಜಿ ಹಾಕಿ ವಂಚಿಸುತ್ತಾರೆಂದು ಈ ನಿಯಮವಂತೆ. ವಂಚಿಸುವವನು ಹತ್ತು ಸಿಮ್ ಕೊಳ್ಳುತ್ತಾನೆ ಸ್ವಾಮಿ. ಒಂದೇ ನಂಬರ್ ಕೊಡುವವರು ಕಳ್ಳತನ ಗೊತ್ತಿಲ್ಲದವರು. ನೀವು ಆಧಾರ್ ಕೇಳಿದಿರಿ, ಅಂಕಪಟ್ಟಿ ಕೇಳಿದಿರಿ, ಜಾತಿ ಪ್ರಮಾಣಪತ್ರ ಕೇಳಿದಿರಿ, ಕಿವಿ ಕಾಣುವಂಥ ಫೋಟೊ ಕೇಳಿದಿರಿ. ಎಲ್ಲ ಕೊಟ್ಟೆವು. ಕಿವಿ ಕಂಡಿತು, ಹುಡುಗಿ ಕಾಣಲಿಲ್ಲ. ಕಾಗದವನ್ನು ಯಂತ್ರ ಓದಿತು, ಕಣ್ಣು ಓದಲಿಲ್ಲ.

ಭೌತಶಾಸ್ತ್ರದ ಆ ಸೀಟು ಇನ್ನೂ ಖಾಲಿಯೇ ಇದೆಯೆಂದು ಕಾಲೇಜಿನಲ್ಲೇ ವಿಚಾರಿಸಿ ತಿಳಿದಿದ್ದೇನೆ. ಈ ತಿಂಗಳ ಕೊನೆಗೆ ಪ್ರವೇಶ ಮುಚ್ಚುತ್ತದೆ. ಅತ್ತ ನನ್ನ ಅಕ್ಕ ಕಾಯುವುದನ್ನು ಬಿಟ್ಟು, ಹುಡುಗಿಯರನ್ನು ಕಾರ್ಖಾನೆಗೆ ಕರೆತರುವ ವ್ಯಾನಿನವನಿಗೆ ಸೌಮ್ಯಳ ಹೆಸರು ಹೇಳಿದ್ದಾಳೆ. ಆ ಕಾರ್ಖಾನೆಯ ಗೇಟಿನಲ್ಲಿ ಪಾಸ್ ಬರೆದುಕೊಡುವ ಕೆಲಸ ನನ್ನದು. ಮುಂದಿನ ತಿಂಗಳ ಮೊದಲ ಸೋಮವಾರ, ಹೆಸರು ಕೇಳಿ, ಊರು ಕೇಳಿ, ವಿಭಾಗ ಯಾವುದೆಂದು ಕೇಳಿ, ನನ್ನ ಅಕ್ಕನ ಮಗಳನ್ನು ನಾನೇ ಒಳಗೆ ಕಳಿಸಬೇಕು.

ನನಗೆ ದಯೆ ಬೇಡ, ವಿಷಾದಪತ್ರ ಬೇಡ, ವಿಚಾರಣಾ ಸಮಿತಿಯಂತೂ ಬೇಡವೇ ಬೇಡ. ಸೌಮ್ಯಳ ಅರ್ಜಿಯನ್ನು ಒಬ್ಬ ಮನುಷ್ಯ, ಕಣ್ಣಿರುವ ಮನುಷ್ಯ, ಒಮ್ಮೆ ತೆರೆದು ನೋಡಲಿ. ಬಾಗಿಲು ಮುಚ್ಚುವ ಮುನ್ನ ಅವಳ ಸೀಟು ಅವಳಿಗೆ ಕೊಡಿ. ಮುನಿರತ್ನಳ ಸೀಟನ್ನು ಮುಟ್ಟಬೇಡಿ. ಒಬ್ಬಳು ಬಿಟ್ಟುಕೊಟ್ಟರೆ ಇನ್ನೊಬ್ಬಳಿಗೆ ಎಂಬ ಮಾತು ಹೇಳಿದ್ದು ತಪ್ಪಾಯಿತೆಂದು ಆ ಇಬ್ಬರು ತಾಯಂದಿರಿಗೆ ನಿಮ್ಮ ಕಚೇರಿಯಿಂದ ಯಾರಾದರೂ ಬಂದು ಹೇಳಿ. ಬಸ್ಸು ದಿನಕ್ಕೊಂದೇ. ಬರುವ ಹೊತ್ತು ಕೇಳಿದರೆ ನಾನೇ ಹೇಳುತ್ತೇನೆ, ಜೊತೆಗೂ ಬರುತ್ತೇನೆ.

ಇಂತಿ,
ಸೋಮವಾರಕ್ಕೆ ಹೆದರುತ್ತಿರುವ
ಮುನಿಶಾಮಿ, ಬಿ.ಎ.
ಗೇಟ್ ಪಾಸ್ ಕೌಂಟರ್, ಹೊಸೂರು