ಮಾತ್ರೆ ಬರೆದ ಚಿತ್ರಗಳು

ಮನೆಯ ಮಹಡಿ ಕೋಣೆ,
ಮಾರ್ಚ್ ಹನ್ನೆರಡು, ಭಾನುವಾರ ಮಧ್ಯಾಹ್ನ

ನನ್ನ ಜಾಣ ಅಕ್ಕನಿಗೆ,

ಹೇಗಿದ್ದೀಯ? ಕುತ್ತಿಗೆ ನೋವು ಇಳಿಯಿತೇ? ದಿನವೆಲ್ಲ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಕೂತರೆ ಇನ್ನೇನಾಗುತ್ತದೆ ಹೇಳು. ಮಿದುಳಿನ ಸಂದಿಗೊಂದಿಯೆಲ್ಲ ಬಲ್ಲವಳಿಗೆ ಕುತ್ತಿಗೆಯ ವಿಷಯ ನಾನು ಹೇಳಿಕೊಡಬೇಕೇ? ಭಾವ ಬಿಸಿನೀರಿನ ಚೀಲ ಇಟ್ಟುಕೊಡುತ್ತಾರಂತೆ, ಅವರೇ ಹೇಳಿದರು. ಇರಲಿ, ನಿನ್ನ ಬೆನ್ನ ಹಿಂದೆ ಒಬ್ಬರಾದರೂ ಇದ್ದಾರಲ್ಲ. ನಾನು ಚೆನ್ನಾಗಿದ್ದೇನೆ. ಪರೀಕ್ಷೆ ಹತ್ತಿರ ಬಂತೆಂದು ನಾನು ಪಾಠ ಮಾಡುವ ಡ್ರಾಯಿಂಗ್ ಪಿರಿಯಡ್ಡುಗಳನ್ನೆಲ್ಲ ಗಣಿತದ ಟೀಚರು ಕಿತ್ತುಕೊಂಡಿದ್ದಾರೆ, ಹಾಗಾಗಿ ಕೈಯಲ್ಲಿ ಬೇಕಾದಷ್ಟು ಹೊತ್ತಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಪ್ಪ ಪಕ್ಕದಲ್ಲೇ ಇರುತ್ತಾರೆ. ನಿನ್ನ ದನಿ ಕಿವಿಗೆ ಬಿದ್ದರೆ ಸಾಕು, ಫೋನು ನನ್ನ ಕೈ ತಪ್ಪಿತೆಂದೇ ಅರ್ಥ. ಆಮೇಲೆ ನನ್ನ ಪಾಲಿಗೆ ಉಳಿಯುವುದು ‘ಊಟ ಆಯ್ತಾ, ಇಡ್ಲಾ’ ಅನ್ನುವುದಷ್ಟೇ.

ಅಪ್ಪನ ಕೈ ಮೊದಲು ಹೇಗಿತ್ತು ಎಂಬುದನ್ನು ನೀನು ಫೋನಿನ ಪರದೆಯಲ್ಲಿ ನೋಡಿದ್ದೆ, ನಾನು ಊಟದ ಮೇಜಿನಲ್ಲಿ ನೋಡಿದ್ದೆ. ಜೀವಮಾನವೆಲ್ಲ ಬಸ್ಸಿನ ಸ್ಟಿಯರಿಂಗ್ ಹಿಡಿದ ಕೈ ಒಂದು ಲೋಟ ಹಿಡಿದರೆ ಕಟಕಟ ಸದ್ದು ಮಾಡುತ್ತಿತ್ತು. ಅಂಗಿಯ ಗುಂಡಿ ಹಾಕಲು ನಾನು ಹತ್ತಿರ ಹೋದರೆ ಮುಖ ಆ ಕಡೆ ತಿರುಗಿಸುತ್ತಿದ್ದರು. ಡಾಕ್ಟರು ಪಾರ್ಕಿನ್ಸನ್ ಅಂದಾಗ ಅದೇನೋ ಪಾರ್ಕಿಂಗ್ ಜಾಗವೆಂದುಕೊಂಡು ನಕ್ಕವರು, ಆಮೇಲೆ ತಿಂಗಳುಗಟ್ಟಲೆ ನಗಲಿಲ್ಲ. ಆಗ ನರರೋಗದ ಡಾಕ್ಟರು ಆ ಹೊಸ ಮಾತ್ರೆ ಕೊಟ್ಟರು. ನಿಮ್ಮ ಲ್ಯಾಬಿನವರು ವರ್ಷಗಳಿಂದ ಅಂಥದ್ದೇ ಮಾತ್ರೆಗಳ ಹಿಂದೆ ಬಿದ್ದವರು ತಾನೇ, ನೀನು ಫೋನಿನಲ್ಲಿ ಅಪ್ಪನಿಗೆ ಪಾಠ ಮಾಡಿದೆ. ‘ಮಿದುಳಲ್ಲಿ ರಿಸೆಪ್ಟರ್ ಅಂತ ಇರತ್ತಪ್ಪಾ, ಬಸ್ ಸ್ಟಾಪ್ ಅಂದ್ಕೊಳ್ಳಿ. ಡೋಪಮೈನ್ ಅನ್ನೋ ಬಸ್ಸು ನಿಮ್ಮಲ್ಲಿ ಸರಿಯಾಗಿ ಬರ್ತಿಲ್ಲ. ಈ ಮಾತ್ರೆ ಅದರ ಬದಲಿಗೆ ಬರೋ ಗಾಡಿ.’ ಅಪ್ಪ ಬಿಡಲಿಲ್ಲ: ‘ಬದಲಿ ಗಾಡಿ ಡ್ರೈವರ್‌ಗೆ ರೂಟ್ ಗೊತ್ತಿರಲ್ಲ ಕಣೇ, ಬೇಡದ ಕಡೆಯೂ ನಿಲ್ಲಿಸ್ತಾನೆ.’ ನೀನು ಬಿದ್ದುಬಿದ್ದು ನಕ್ಕು, ಅದೇ ತೊಂದರೆ, ಬೇಕಾದ ಕಡೆ ಮಾತ್ರ ನಿಲ್ಲುವ ಮಾತ್ರೆಯನ್ನೇ ನಾವು ಹುಡುಕುತ್ತಿರುವುದು ಎಂದೆ. ಕೆಲವರು ಇದ್ದಕ್ಕಿದ್ದಂತೆ ಜೂಜಿಗೆ ಬೀಳುತ್ತಾರೆ, ಕಂಡದ್ದೆಲ್ಲ ಕೊಳ್ಳುತ್ತಾರೆ, ಹಾಗೇನಾದರೂ ಆದರೆ ಹೇಳು ಎಂದು ನನಗೂ ಎಚ್ಚರಿಕೆ ಕೊಟ್ಟೆ. ಮಾರನೆಯ ದಿನದಿಂದ ಔಷಧಿ ಅಂಗಡಿಯವನಿಗೂ ಹಾಲಿನವನಿಗೂ ಅಪ್ಪನ ಭಾಷಣ ಒಂದೇ: ‘ನನ್ನ ದೊಡ್ಡ ಮಗಳು ಇಂಥ ಮಾತ್ರೆ ಮೇಲೇ ಕೆಲಸ ಮಾಡೋದು.’ ಆ ಮಾತ್ರೆಯನ್ನು ಹೊತ್ತುಹೊತ್ತಿಗೆ ಬಾಯಿಗೆ ಹಾಕುತ್ತಿದ್ದ ಚಿಕ್ಕ ಮಗಳು ಪಕ್ಕದಲ್ಲೇ ಚೀಲ ಹಿಡಿದು ನಿಂತಿರುತ್ತಿದ್ದಳು.

ಮಾತ್ರೆ ಕೆಲಸ ಮಾಡಿತು. ಕೈಯ ನಡುಕ ನಿಂತಿತು, ಗುಂಡಿ ತಾವೇ ಹಾಕಿಕೊಂಡರು. ಕಳೆದ ಮಳೆಗಾಲದ ಒಂದು ಸಂಜೆ ಶಾಲೆಯಿಂದ ಬಂದು ನೋಡುತ್ತೇನೆ, ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನ ಮೇಲೆ ನನ್ನ ಇದ್ದಿಲ ಕಡ್ಡಿಯಿಂದ ಏನೋ ಗೀಚುತ್ತಿದ್ದಾರೆ. ಬಸ್ಸಿನ ಮುಂದಿನ ಗಾಜು, ಅದರಾಚೆ ತಿರುವು ತೆಗೆದುಕೊಳ್ಳುತ್ತಿರುವ ರಸ್ತೆ, ಮೇಲೆ ಡ್ರೈವರ್ ಕನ್ನಡಿಯಲ್ಲಿ ತೂಕಡಿಸುತ್ತಿರುವ ಪ್ರಯಾಣಿಕರು. ನನಗೆ ಖುಷಿಯೇ ಆಯಿತು, ನಂಬು. ಚಿತ್ರಕಲಾ ಶಾಲೆಗೆ ಸೇರುತ್ತೇನೆಂದಾಗ ‘ಬಣ್ಣ ಬಳಿಯೋದಕ್ಕೂ ಶಾಲೆ ಬೇಕಾ’ ಎಂದಿದ್ದ ಮನುಷ್ಯ ನನ್ನ ಕಡ್ಡಿ ಹಿಡಿದು ಕೂತಿದ್ದಾರೆ! ‘ತಗೊಳ್ಳಿ ಅಪ್ಪಾ’ ಎಂದು ಒಳ್ಳೆಯ ಕಾಗದ ಕೊಟ್ಟೆ, ಬಣ್ಣ ಕೊಟ್ಟೆ, ಕುಂಚ ಹಿಡಿಯುವುದು ತೋರಿಸಿಕೊಟ್ಟೆ. ಹಾಗೆ ಹಿಡಿಯಲಿಲ್ಲ ಅನ್ನು, ಬಸ್ಸಿನ ಗೇರ್ ಕೋಲಿನ ಹಾಗೆ ಮುಷ್ಟಿಯಲ್ಲೇ ಹಿಡಿದರು. ಹಾಗೆ ಹಿಡಿದೇ ಬರೆದರು. ನಾನು ನೋಡುತ್ತಾ ನಿಂತೆ, ಖುಷಿ ನಿಧಾನವಾಗಿ ಇಳಿಯುತ್ತ ಬಂತು. ಯಾಕೆಂದರೆ ಅಕ್ಕಾ, ಚಿತ್ರ ಚೆನ್ನಾಗಿತ್ತು. ಅಪ್ಪ ಬರೆದದ್ದು ಅಂತ ಚೆನ್ನಾಗಿದ್ದದ್ದಲ್ಲ, ಸುಮ್ಮನೆ ಚೆನ್ನಾಗಿತ್ತು. ಒದ್ದೆ ರಸ್ತೆಯ ಮೇಲೆ ಹೆಡ್‌ಲೈಟಿನ ಬೆಳಕು ಬೀಳುವ ರೀತಿಯನ್ನು ನಾನು ಎಷ್ಟೋ ವರ್ಷ ತಿಣುಕಿದರೂ ಹಿಡಿಯಲಾಗಿರಲಿಲ್ಲ. ಅವರು ಬಟ್ಟೆಯಲ್ಲಿ ಒಂದು ಸಲ ಒರೆಸಿದರು, ಅಲ್ಲಿ ಬೆಳಕು ಬಂತು.

ಆಮೇಲೆ ನಿಲ್ಲಲೇ ಇಲ್ಲ. ಮಹಡಿ ಕೋಣೆ ನನ್ನದು ಅಂತ ನಿನಗೆ ಗೊತ್ತಲ್ಲ, ಉತ್ತರದ ಕಿಟಕಿ ಇರುವುದು ಇಲ್ಲಿ ಮಾತ್ರ. ಅಪ್ಪ ಬೆಳಗ್ಗೆ ಎದ್ದವರೇ ಇಲ್ಲಿಗೆ ಬಂದು ಕೂರತೊಡಗಿದರು. ನಾನು ನನ್ನ ಹಲಗೆ ಎತ್ತಿಕೊಂಡು ಅಡುಗೆಮನೆಗೆ ಹೋದೆ. ನೀಲಿ ಬಣ್ಣ ತಂದಿಟ್ಟರೆ ಮರುದಿನಕ್ಕೆ ಟ್ಯೂಬು ಹಿಂಡಿ ಚಪ್ಪಟೆ. ಪಕ್ಕದ ಮನೆಯವರು, ಎದುರು ಮನೆಯವರು, ಅಪ್ಪನ ಹಳೆಯ ಕಂಡಕ್ಟರ್, ಎಲ್ಲರೂ ಬಂದು ನೋಡಿ, ಹೋಗುವಾಗ ನನ್ನ ಭುಜ ತಟ್ಟಿ ‘ಈಗ ಗೊತ್ತಾಯ್ತು ನಿನಗೆ ಈ ಕಲೆ ಎಲ್ಲಿಂದ ಬಂತು ಅಂತ’ ಎನ್ನುವರು. ಇಷ್ಟು ವರ್ಷ ನನ್ನದು ಎಂದುಕೊಂಡಿದ್ದೂ ಅಪ್ಪನಿಂದ ಕಡ ತಂದದ್ದು ಅನ್ನುವ ಹಾಗೆ. ನೀನೇನು ಕಮ್ಮಿಯೇ? ಅಪ್ಪ ಕಳಿಸಿದ ಫೋಟೋವನ್ನು ದೊಡ್ಡದು ಮಾಡಿಸಿ ಲ್ಯಾಬಿನ ಬಾಗಿಲಿಗೆ ಅಂಟಿಸಿದೆಯಂತೆ. ನಿನ್ನ ಮದುವೆಗೆ ನಾನು ಬರೆದುಕೊಟ್ಟ ಚಿತ್ರ ಎಲ್ಲಿದೆ ಅಕ್ಕಾ? ಬೀರುವಿನ ಹಿಂದೆ ಇದೆ ಅಂತ ಭಾವ ಬಾಯಿ ತಪ್ಪಿ ಹೇಳಿಬಿಟ್ಟರು. ಪಾಪ, ಅವರನ್ನು ಬೈಯಬೇಡ.

ಶಾಲೆಯಲ್ಲಿ ನಮಗೆ ಕಲಿಸಿದ ಡ್ರಾಯಿಂಗ್ ಮೇಷ್ಟ್ರು ನಿನಗೆ ನೆನಪಿರಬೇಕು, ಎಂಥ ಚಿತ್ರ ತೋರಿಸಿದರೂ ‘ಪರವಾಗಿಲ್ಲ’ ಎನ್ನುವವರು. ಪ್ರತಿ ವರ್ಷ ಲೈಬ್ರರಿಯ ಹಾಲಿನಲ್ಲಿ ಪ್ರದರ್ಶನ ಇಡುವವರು ಅವರೇ. ಈ ಸಲ ಬಾಗಿಲ ಎದುರು ಗೋಡೆ ನನಗೆ ಎಂದಿದ್ದರು. ಚಿತ್ರ ಆರಿಸಲು ಮನೆಗೆ ಬಂದವರು ಮೆಟ್ಟಿಲು ಹತ್ತಿ ಈ ಕೋಣೆಗೆ ಬಂದರು. ಗೋಡೆಗೆ ಒರಗಿಸಿದ್ದ ಅಪ್ಪನ ರಸ್ತೆಗಳನ್ನು ನೋಡಿ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಆ ವಯಸ್ಸಿನಲ್ಲಿ ನೆಲದ ಮೇಲೆಯೇ ಕೂತುಬಿಟ್ಟರು. ‘ಇದು ಯಾರದ್ದಮ್ಮಾ?’ ಎಂದರು. ಅಪ್ಪನದು ಎಂದೆ. ಪರವಾಗಿಲ್ಲ ಎನ್ನಲಿಲ್ಲ. ಅದೇ ನನಗೆ ಚುಚ್ಚಿದ್ದು. ಎದುರು ಗೋಡೆ ಅಪ್ಪನಿಗೆ ಹೋಯಿತು. ನನ್ನ ಚಿತ್ರಗಳು ಮೆಟ್ಟಿಲ ಪಕ್ಕ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಬಗಲಲ್ಲಿ ನೇತಾಡಿದವು. ಜನ ಅಲ್ಲಿ ನಿಂತು ಕೊಡೆ ಮಡಿಸಿಕೊಳ್ಳುತ್ತಿದ್ದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದವರಿಗೆಲ್ಲ ಹೇಳುತ್ತಿದ್ದರು: ‘ನನ್ನ ದೊಡ್ಡ ಮಗಳು ಮಿದುಳಿನ ಸಂಶೋಧನೆ ಮಾಡ್ತಾಳೆ.’ ಆ ಹೊತ್ತಿನಲ್ಲೂ ನೀನೇ. ನಾನು ಅಲ್ಲಿ ಕುರ್ಚಿ ಜೋಡಿಸುತ್ತಿದ್ದೆ.

ನನ್ನನ್ನು ನಾನು ಸಮಾಧಾನ ಮಾಡಿಕೊಂಡದ್ದು ಹೇಗೆ ಗೊತ್ತೇ? ಇದು ಅಪ್ಪ ಬರೆದದ್ದಲ್ಲ, ಮಾತ್ರೆ ಬರೆದದ್ದು ಎಂದುಕೊಂಡೆ. ಅವರ ಕೈಯಲ್ಲಿ ಇಲ್ಲದ್ದು ಆ ಗುಳಿಗೆಯಲ್ಲಿತ್ತು, ಅಷ್ಟೇ. ನಾನೂ ಒಂದು ನುಂಗಿದರೆ ಬಂದೀತು ಎಂಬ ಯೋಚನೆಯೂ ಒಂದು ದಿನ ಬಂತು. ಹೆದರಬೇಡ, ಡಬ್ಬಿಯ ಮುಚ್ಚಳ ತೆಗೆದು ಹಾಗೇ ಹಾಕಿಟ್ಟೆ.

ಆದರೆ ಅಪ್ಪ ಸೊರಗುತ್ತಿದ್ದರು, ಅದು ನಿಜ. ತಟ್ಟೆ ತಂದಿಟ್ಟರೆ ಆರಿ ತಣ್ಣಗಾಗುವುದು. ಕೂತಲ್ಲೇ ಕೂತು ಕಾಲು ಊದಿಕೊಂಡಿತು. ನಿದ್ದೆ ಎನ್ನುವುದು ಮರೆತೇಹೋಯಿತು. ‘ಸಾಕು ಬನ್ನಿ’ ಎಂದರೆ ನನ್ನ ಮೇಲೆ ಹರಿಹಾಯುವರು, ಅಮ್ಮ ಇದ್ದ ಕಾಲದಲ್ಲೂ ಅಷ್ಟು ಜೋರು ದನಿ ಈ ಮನೆಯಲ್ಲಿ ಕೇಳಿರಲಿಲ್ಲ. ಒಂದು ಮಧ್ಯಾಹ್ನ ಸ್ಟೂಲ್ ಹತ್ತಿ ಗೋಡೆಗೇ ಬಣ್ಣ ಹಚ್ಚಲು ಹೋಗಿ ಬಿದ್ದರು. ಮೂಳೆ ಮುರಿಯಲಿಲ್ಲ, ಹಣೆ ಒಡೆಯಿತು. ಬಾಗಿಲು ತಗುಲಿತು ಎಂದು ನಿನಗೆ ಹೇಳಿದ್ದೆವಲ್ಲ, ಅದು ಇದೇ. ಮರುವಾರ ಡಾಕ್ಟರ ಹತ್ತಿರ ಹೋದಾಗ ಅಪ್ಪ ಹೊರಗೆ ನರ್ಸ್ ಬಳಿ ತೂಕ ನೋಡಿಸಿಕೊಳ್ಳುತ್ತಿದ್ದರು. ಡಾಕ್ಟರು ಎಲ್ಲರನ್ನೂ ಕೇಳುವ ಹಾಗೆ ಕೇಳಿದರು: ‘ಜೂಜು, ಖರೀದಿ ಅಂತೇನಾದ್ರೂ ಹುಚ್ಚು? ಒಂದೇ ಕೆಲಸ ಬಿಡದೆ ಮಾಡೋದು?’ ಆಗ ನನಗೆ ಹೊಳೆಯಿತು. ನಾವಿಬ್ಬರೂ ಜೂಜಿಗೆ ಕಾದು ಕೂತಿದ್ದೆವು, ಚಿತ್ರಕ್ಕಲ್ಲ. ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಿದರೆ ಅಪ್ಪ ಉಣ್ಣುತ್ತಾರೆ, ಮಲಗುತ್ತಾರೆ. ಹೇಳಿದರೆ ಚಿತ್ರ ನಿಲ್ಲುತ್ತದೆ, ನನ್ನ ಕೋಣೆ ನನಗೆ ಸಿಗುತ್ತದೆ. ಇವೆರಡರಲ್ಲಿ ಯಾವುದಕ್ಕಾಗಿ ಬಾಯಿ ತೆರೆಯುತ್ತಿದ್ದೇನೆ ಎಂದು ನನಗೇ ಗೊತ್ತಾಗಲಿಲ್ಲ. ಒಂದು ಕ್ಷಣ, ಯಾವುದಕ್ಕಾಗಿ ಎಂದು ತಿಳಿಯುವ ತನಕ ಹೇಳುವುದೇ ಬೇಡ ಅಂದುಕೊಂಡೆ. ಅಷ್ಟರಲ್ಲಿ ಬಾಗಿಲ ಸಂದಿಯಲ್ಲಿ ಅಪ್ಪ ಕಂಡರು, ಕಡಿಮೆಯಾದ ತೂಕಕ್ಕೆ ಪ್ಯಾಂಟು ಜಾರದ ಹಾಗೆ ಒಂದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಎಲ್ಲವನ್ನೂ ಹೇಳಿಬಿಟ್ಟೆ.

ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ಅರ್ಧಕ್ಕೆ ತಂದರು. ‘ಯಾಕಂತೆ ಕಡಿಮೆ ಮಾಡಿದ್ದು?’ ಎಂದು ಅಪ್ಪ ಕೇಳಿದರು, ನಾನು ಏನೋ ಹೇಳಿದೆ. ಈಗ ಮೂರು ಹೊತ್ತೂ ಉಣ್ಣುತ್ತಾರೆ, ಗೊರಕೆ ಪಕ್ಕದ ಮನೆಗೆ ಕೇಳುತ್ತದೆ. ಕೈ ಸ್ವಲ್ಪ ನಡುಗುತ್ತದೆ, ಲೋಟ ಅರ್ಧ ತುಂಬಿಸಿ ಕೊಡುತ್ತೇನೆ. ಕೆಲವು ದಿನ ಕುಂಚ ಮುಟ್ಟಲೇ ಇಲ್ಲ. ನಾನು ಹಲಗೆ ಎತ್ತಿಕೊಂಡು ಈ ಕೋಣೆಗೆ ವಾಪಸು ಬಂದೆ, ಗೆದ್ದವಳ ಹಾಗೆ. ಆದರೆ ನೋಡು ನನ್ನ ಹಣೆಬರಹ, ಮೊನ್ನೆ ಚಹಾ ಕುಡಿದು ಮೆಲ್ಲಗೆ ಮೆಟ್ಟಿಲು ಹತ್ತಿ ಬಂದರು, ‘ಸ್ವಲ್ಪ ಹೊತ್ತು ಬರೀಲಾ?’ ಎಂದು ಕೇಳಿದರು. ಮೊದಲ ಸಲ ಕೇಳಿದರು. ಬರೆದು, ದಣಿವಾಯಿತೆಂದು ಎದ್ದು ಹೋದರು. ನಡುಗುವ ಗೆರೆಯ ಒಂದೇ ರಸ್ತೆ. ಅದು ಹಿಂದಿನ ಎಲ್ಲವುಗಳಿಗಿಂತ ಚೆನ್ನಾಗಿದೆ. ಅಂದರೆ ನಿಮ್ಮ ಮಾತ್ರೆ ಅವರಿಗೆ ಕೊಟ್ಟದ್ದು ಹುಚ್ಚು ಮಾತ್ರ ಅಕ್ಕಾ, ಕೈ ಅವರದೇ. ಇನ್ನು ನಾನು ಯಾವುದನ್ನು ಹಿಡಿದುಕೊಂಡು ಸಮಾಧಾನ ಮಾಡಿಕೊಳ್ಳಲಿ?

ಆ ಚಿತ್ರದ ಡ್ರೈವರ್ ಕನ್ನಡಿಯಲ್ಲಿ ನೀನಿದ್ದೀಯ. ಎರಡು ಜಡೆ ಹಾಕಿಕೊಂಡು, ಮೊದಲ ಸೀಟಿನಲ್ಲಿ, ತೊಡೆಯ ಮೇಲೆ ಪುಸ್ತಕ. ನಾನಿಲ್ಲ. ತಡೆಯಲಾಗದೆ ಕೆಳಗಿಳಿದು ಹೋಗಿ ಕೇಳಿಯೇಬಿಟ್ಟೆ, ‘ನಾನೆಲ್ಲಿ?’ ಎಂದು. ಅಪ್ಪ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. ‘ನೀನು ನನ್ನ ಪಕ್ಕ ಎಂಜಿನ್ ಮೇಲೆ ಕೂತಿರ್ತಿದ್ದೆಯಲ್ಲೇ, ಬೇಡ ಅಂದ್ರೂ ಕೇಳದೆ. ಕನ್ನಡಿಯಲ್ಲಿ ಹೇಗೆ ಕಾಣ್ತೀಯ?’ ಎಂದರು. ಅದನ್ನು ಕೇಳಿ ಹೊಟ್ಟೆಕಿಚ್ಚೆಲ್ಲ ತಣ್ಣಗಾಯಿತು ಎಂದು ಬರೆದರೆ ನೀನು ನಂಬುವುದಿಲ್ಲ, ನಾನು ಬರೆಯುವುದೂ ಇಲ್ಲ. ಆದರೆ ಆ ಚಿತ್ರವನ್ನು ನಾನೇ ಕಟ್ಟು ಹಾಕಿಸಲು ಕೊಟ್ಟು ಬಂದಿದ್ದೇನೆ. ನಿನಗೆ ಕಳಿಸುವುದಿಲ್ಲ, ಕೇಳಬೇಡ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಕುತ್ತಿಗೆ ಜೋಪಾನ. ನೀನು ಹುಡುಕುತ್ತಿರುವ ಮಾತ್ರೆ ಬೇಗ ಸಿಗಲಿ, ಸಿಕ್ಕಿದ ದಿನ ಅಪ್ಪನ ಭಾಷಣವನ್ನು ನಾನು ಕೇಳಿಸಿಕೊಳ್ಳುತ್ತೇನೆ, ಚೀಲ ಹಿಡಿದು.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದೊಂದನ್ನು ಹೇಳಲೇಬೇಕು. ಮಾತ್ರೆ ಕಡಿಮೆ ಮಾಡಿಸಿದ್ದು ನೀನು ಎಂದು ಅಪ್ಪನಿಗೆ ಹೇಳಿದ್ದೇನೆ. ‘ಅಕ್ಕ ಅಲ್ಲಿಂದಲೇ ಡಾಕ್ಟರ ಜೊತೆ ಮಾತಾಡಿದಳು’ ಎಂದೆ. ‘ಅವಳು ಹೇಳಿದ್ಮೇಲೆ ಸರಿಯಾಗೇ ಇರತ್ತೆ ಬಿಡು’ ಎಂದು ಸುಮ್ಮನಾದರು. ಅದಕ್ಕೂ ನನಗೆ ಉರಿಯಿತು. ನಾನು ಹೇಳಿದ್ದೆಂದು ಗೊತ್ತಾದರೆ ಹೊಟ್ಟೆಕಿಚ್ಚಿಗೆ ಹೇಳಿದಳು ಅಂದುಕೊಳ್ಳುತ್ತಾರೆ, ಅಲ್ಲ ಎಂದು ಆಣೆ ಮಾಡಲು ನನ್ನಿಂದ ಆಗುವುದಿಲ್ಲ. ಫೋನಿನಲ್ಲಿ ನಿನ್ನನ್ನು ಕೇಳಿದರೆ ಹೌದು ಅನ್ನು. ಏನೂ ವಿವರಿಸಲು ಹೋಗಬೇಡ ಅಕ್ಕಾ, ಬರೀ ಹೌದು ಅನ್ನು.