ಎಳೆ ಹೇಂಟೆಗಳ ಹಸಿವು

ಕಾರ್ಕಳ
ಮೇ ೭, ೨೦೨೫

ಪ್ರೀತಿಯ ಕ್ಲಾಯ್ಡ್,

ಹೇಗಿದ್ದೀ ಮಗಾ? ಈಸ್ಟರಿಗೆ ನಿನಗೆ ಎರಡು ಸಾಲು ಬರೆಯಬೇಕೆಂದಿದ್ದೆ, ಆಗಲಿಲ್ಲ, ಬೇಸರ ಮಾಡಬೇಡ. ಕೂತು ಬರೆಯಲು ಸೊಂಟ ಬಿಡುತ್ತಿರಲಿಲ್ಲ. ಫೋನ್ ಮಾಡಿದರೆ "ಆಂಟಿ, ಆಮೇಲೆ ಮಾಡ್ತೇನೆ" ಅನ್ನುತ್ತೀ. ಆ ಆಮೇಲೆ ಇನ್ನೂ ಬಂದಿಲ್ಲ. ಕಾಗದವನ್ನಾದರೆ ನಡುವೆ ಕಟ್ ಮಾಡಲು ಆಗುವುದಿಲ್ಲ. ಇದನ್ನು ಮನೆಯ ವಿಳಾಸಕ್ಕೆ ಹಾಕದೆ ಮಣಿಪಾಲದ ನಿನ್ನ ಲ್ಯಾಬಿಗೆ ಕಳುಹಿಸುತ್ತಿದ್ದೇನೆ. ಯಾಕೆಂದು ನಿನಗೆ ಗೊತ್ತು.

ಇಲ್ಲಿ ಆಶ್ರಮದಲ್ಲಿ ನನಗೆ ಯಾವ ತೊಂದರೆಯೂ ಇಲ್ಲ. ಸಿಸ್ಟರುಗಳು ಒಳ್ಳೆಯವರು. ಊಟಕ್ಕೆ ಕೊರತೆ ಇಲ್ಲ, ಹಸಿವಾಗುವ ಮೊದಲೇ ಗಂಟೆ ಹೊಡೆಯುತ್ತದೆ. ವಾಕರ್ ಬಿಟ್ಟು ಚಾಪೆಲಿನವರೆಗೆ ನಡೆಯುತ್ತೇನೆ. ಪಕ್ಕದ ಮಂಚದವಳು ದಿನಾ ಕೇಳುತ್ತಾಳೆ, "ನಿಮ್ಮನ್ನು ಕರ್ಕೊಂಡು ಹೋಗ್ಲಿಕ್ಕೆ ಯಾವಾಗ ಬರ್ತಾರೆ?" ಮೊದಮೊದಲು "ಮುಂದಿನ ವಾರ" ಅನ್ನುತ್ತಿದ್ದೆ. ಈಗ ಕಿವಿ ಕೇಳದವಳಂತೆ ಸುಮ್ಮನಿರುತ್ತೇನೆ.

ಜನವರಿಯಲ್ಲಿ ನಾನು ಅಂಗಳದಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ, ಆಪರೇಷನ್ ಆದ ಮೇಲೆ, ನಿನ್ನ ಪಪ್ಪ ನಿನ್ನೆದುರಿಗೇ ಹೇಳಿದ್ದು ನೆನಪುಂಟಾ? "ಅಕ್ಕಾ, ನಡೀಲಿಕ್ಕೆ ಆಗುವವರೆಗೆ ಮಾತ್ರ ಅಲ್ಲಿ. ಆಮೇಲೆ ಸೀದಾ ಮನೆಗೆ." ಕಳೆದ ತಿಂಗಳು ಫೋನಿನಲ್ಲಿ "ನಡೆಯುತ್ತಿದ್ದೇನೆ ಮ್ಯಾಕ್ಸಿಮ್" ಅಂದೆ. "ಮಳೆಗಾಲ ಮುಗೀಲಿ ಅಕ್ಕಾ, ಅಂಗಳ ಜಾರ್ತದೆ" ಅಂದ. ಆಗ ನಮ್ಮ ಮನೆಯಿರುವ ಕಾಪುವಿನಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಅವನು ನನ್ನ ತಮ್ಮ. ಅವನ ಸ್ವರ ಯಾವಾಗ ತೆಳ್ಳಗಾಗುತ್ತದೆ, ಯಾಕೆ ಆಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇರಲಿ. ಈಗ ಬರೆಯುತ್ತಿರುವುದು ಕೋಳಿಗಳ ವಿಷಯಕ್ಕೆ. ಈಸ್ಟರ್ ಕಳೆದ ವಾರ ನಿನ್ನ ಮಮ್ಮಿಯ ಹತ್ತಿರ ಕೇಳಿದೆ. "ಎಂತ ಕೋಳಿ ಅಕ್ಕಾ? ತಿಂದೇ ತಿಂತಾವೆ, ಒಂದು ಮೊಟ್ಟೆ ಇಲ್ಲ. ಸುಮ್ಮನೆ ಸಾಕುವುದು ಯಾಕೆ?" ಅಂದಳು. ರೇಚಲಿಗೆ ಕುವೈತಿನಲ್ಲಿ ಮೊಟ್ಟೆ ಫ್ರಿಜ್ಜಿನಿಂದ ಬರುತ್ತಿತ್ತು, ಅವಳಿಗೆ ಇದು ತಿಳಿಯಬೇಕೆಂದು ನಾನೇನೂ ಹಟ ಹಿಡಿಯುವುದಿಲ್ಲ. ನಿನಗೆ ಹೇಳುತ್ತೇನೆ. ಚಿಕ್ಕಂದಿನಲ್ಲಿ ನನ್ನ ಹಿಂದೆಯೇ ಗೂಡಿಗೆ ನುಗ್ಗುತ್ತಿದ್ದವನು ನೀನು.

ಮೊಟ್ಟೆ ಇಡುವ ಮೊದಲಿನ ಒಂದೆರಡು ತಿಂಗಳು ಹೇಂಟೆಗಳ ಹಸಿವೇ ಬೇರೆ. ಮೈ ಬೆಳೆಯಬೇಕು, ಗರಿ ಬದಲಾಗಬೇಕು, ಹೊಟ್ಟೆಯೊಳಗೆ ಮೊಟ್ಟೆಗೆ ಜಾಗ ಆಗಬೇಕು. ನೋಡುವವರಿಗೆ ಅದು ದಂಡದ ತಿನ್ನುವಿಕೆ. ಆಗ ಕೈ ಬಿಗಿ ಹಿಡಿದರೆ ಆಮೇಲೆ ಎಷ್ಟು ಸುರಿದರೂ ಅವು ಚೇತರಿಸುವುದಿಲ್ಲ. ಹಾಗೆಂದು ಬರೀ ಅನ್ನ ಹಾಕಬೇಡ. ಅನ್ನ ತಿಂದ ಕೋಳಿಗೆ ಕೊಬ್ಬು ಬರುತ್ತದೆ, ಮೊಟ್ಟೆ ಬರುವುದಿಲ್ಲ. ಬೆಳಿಗ್ಗೆ ತೌಡು, ನುಚ್ಚು, ಒಂದು ಹಿಡಿ ಒಣಮೀನಿನ ಪುಡಿ, ಸ್ವಲ್ಪ ನೀರು ಚಿಮುಕಿಸಿ ಉದುರುದುರಾಗಿ ಕಲಸು. ಮೀನಿನ ಪುಡಿ ಮುಗಿದಿದ್ದರೆ ಮಲ್ಪೆಯಿಂದ ತರಿಸು, ಉಪ್ಪು ಹಾಕದ್ದು. ಮಧ್ಯಾಹ್ನ ನುಗ್ಗೆಸೊಪ್ಪಿನ ಗೊಂಚಲು ಕಟ್ಟಿ ನೇತುಹಾಕು, ಹಾರಿ ಹಾರಿ ತಿನ್ನಲಿ. ಈ ಸೆಕೆಗೆ ನಡುಮಧ್ಯಾಹ್ನ ಅವು ಕಾಳು ಮುಟ್ಟುವುದಿಲ್ಲ, ನೀರು ಮಾತ್ರ ಕುಡಿಯುತ್ತವೆ. ಅದನ್ನು ನೋಡಿ ಕಾಯಿಲೆ ಎಂದು ಹೆದರಬೇಡ. ಸಂಜೆ ಗೂಡಿಗೆ ಹತ್ತುವ ಮೊದಲು ಭತ್ತ ಎರಚು, ಆಮೇಲೆ ಒಂದೊಂದನ್ನೇ ಹಿಡಿದು ಎದೆಯ ಮೇಲಿನ ಚೀಲ ಮುಟ್ಟಿ ನೋಡು. ಗಟ್ಟಿಯಾಗಿ ತುಂಬಿದ್ದರೆ ಹೊಟ್ಟೆ ತುಂಬಿದೆ ಎಂದು ಅರ್ಥ.

ಚಿಪ್ಪಿನ ಪುಡಿ ಈಗಲೇ ಹಾಕಲು ಬಿಡಬೇಡ. "ಬೇಗ ಮೊಟ್ಟೆ ಇಡ್ತಾವೆ" ಎಂದು ಯಾರಾದರೂ ಹೇಳಬಹುದು. ಎಳೆ ಕೋಳಿಗಳ ಮೂತ್ರಪಿಂಡ ಅದನ್ನು ತಾಳುವುದಿಲ್ಲ. ಜುಟ್ಟು ಕೆಂಪೇರಲಿ, ಬೆನ್ನ ಮೇಲೆ ಕೈ ಇಟ್ಟರೆ ರೆಕ್ಕೆ ಅಗಲಿಸಿ ಕೂರಲಿ, ಆಮೇಲೆ ಹಾಕಿದರೆ ಸಾಕು.

ಕುತ್ತಿಗೆಯಲ್ಲಿ ಗರಿಯಿಲ್ಲದ ಒಂದುಂಟು ನೋಡು, ಅದನ್ನು ಉಳಿದ ಐದೂ ಮರಿಯಾಗಿದ್ದಾಗಲೇ ತಟ್ಟೆಯಿಂದ ಕುಕ್ಕಿ ಓಡಿಸುತ್ತಿದ್ದವು. ಅದು ದೂರ ನಿಂತು, ತನಗೆ ಹಸಿವೇ ಇಲ್ಲವೆಂಬಂತೆ ಮಣ್ಣು ಕೆದಕುತ್ತದೆ. ನಂಬಬೇಡ. ಬಾವಿಯ ಆಚೆ ಇನ್ನೊಂದು ತಟ್ಟೆ ಇಡು. ನಿನ್ನ ಪಪ್ಪ ಮಮ್ಮಿ ನಿನ್ನನ್ನು ನನ್ನ ಕೈಗೆ ಕೊಟ್ಟು ಕುವೈತಿನ ವಿಮಾನ ಹತ್ತಿದಾಗ ನಿನಗೆ ಮೂರು ವರ್ಷ. ನೀನೂ ಹಾಗೆಯೇ ಇದ್ದೆ. ಯಾರಾದರೂ ನೋಡುತ್ತಿದ್ದರೆ ತುತ್ತು ಬಾಯಲ್ಲೇ ಇಟ್ಟುಕೊಳ್ಳುತ್ತಿದ್ದೆ. "ಹುಡುಗನಿಗೆ ಹಸಿವೇ ಕಡಿಮೆ" ಎಂದು ನೆರೆಯವರು ಹೇಳುತ್ತಿದ್ದರು. ಬಾವಿಕಟ್ಟೆಯ ಹಿಂದೆ ಕೂರಿಸಿ, ನಾನು ಬೇರೆ ಕಡೆ ಮುಖ ಮಾಡಿ, ತಟ್ಟೆ ಮಾತ್ರ ನಿನ್ನ ಹತ್ತಿರ ಸರಿಸುತ್ತಿದ್ದೆ. ನೀನು ಖಾಲಿ ಮಾಡುತ್ತಿದ್ದೆ.

ಇಷ್ಟು ಮಾಡು. ಮಳೆ ಹಿಡಿಯುವಷ್ಟರಲ್ಲಿ ಮೊಟ್ಟೆ ಶುರುವಾಗುತ್ತದೆ, ಆಗ ನಿನ್ನ ಮಮ್ಮಿಯ ಬಾಯಿಯೂ ಮುಚ್ಚುತ್ತದೆ. ಬಿಸಿಲಿನಲ್ಲಿ ಬೈಕ್ ಓಡಿಸಬೇಡ. ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ, ನಿನ್ನ ಕೈ ಹಿಡಿದದ್ದೆಲ್ಲ ನೇರವಾಗಲಿ.

ನಿನ್ನ ಆಂಟಿ,
ಲಿಡ್ವಿನ್

ಮರೆತ ಮಾತು: ಮರೆತದ್ದಲ್ಲ, ಈಗ ತಿಳಿದದ್ದು. ಕಾಗದವನ್ನು ಅಂಟಿಸುವ ಮೊದಲೇ ಹನುಮವ್ವ ಬಂದಳು. ನಮ್ಮ ಮನೆಯಲ್ಲಿ ಬಟ್ಟೆ, ಪಾತ್ರೆ ತೊಳೆಯುವ ಗದಗ ಕಡೆಯ ಹನುಮವ್ವನೇ. ಅವಳ ತಂಗಿ ಇಲ್ಲಿ ಕಟ್ಟಡದ ಕೆಲಸಕ್ಕಿದ್ದಾಳಂತೆ, ಅವಳನ್ನು ನೋಡಲು ಬಂದವಳು ನನ್ನನ್ನೂ ನೋಡಿಕೊಂಡು ಹೋಗಲು ಬಾಳೆಹಣ್ಣು ಹಿಡಿದುಕೊಂಡು ಬಂದಿದ್ದಳು. ನಾನು ಮೊದಲು ಕೇಳಿದ್ದೇ ಕೋಳಿಗಳ ಬಗ್ಗೆ.

"ಕೋಳಿ ಎಲ್ಲಿ ಉಳಿದಾವ್ರೀ ಅಕ್ಕಾರ? ಶನಿವಾರ ರೋಸಿಗೆ ಆರೂ ಕೊಯ್ದ್ರಲ್ಲ."

"ಯಾರ ರೋಸ್?" ಅಂದೆ.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಿಮಗ ಹೇಳಿಲ್ಲೇನ್ರೀ? ಸಣ್ಣ ಸಾಹೇಬ್ರದು. ಸೋಮವಾರ ಮದುವಿ ಆತಲ್ರೀ."

ಕೋಳಿಗಳಿಗಾಗಿ ನಾನು ಅಳುವುದಿಲ್ಲ ಕ್ಲಾಯ್ಡ್. ನಿನ್ನ ರೋಸಿಗೆ ಎಂದಿದ್ದರೆ ನಾನೇ ಹಿಡಿದು ಕೊಡುತ್ತಿದ್ದೆ. ಮದುವೆಯ ಮುನ್ನ, ರೋಸಿನ ದಿನ, ನಿನ್ನ ತಲೆಗೆ ತೆಂಗಿನ ಹಾಲು ಹಾಕಿದವರು ಯಾರೆಂದು ಹನುಮವ್ವನನ್ನು ಕೇಳಲಿಲ್ಲ. ನನಗೆ ಯಾಕೆ ಹೇಳಲಿಲ್ಲ ಎಂದು ಮಾತ್ರ ಬಿಡದೆ ಕೇಳಿದೆ. ಪಾತ್ರೆ ತೊಳೆಯುವಾಗ ಕಿವಿಗೆ ಬಿದ್ದದ್ದನ್ನು ಹೇಳಿದಳು. "ಆಂಟಿಯನ್ನು ನಾನು ಕರ್ಕೊಂಡು ಬರ್ತೇನೆ" ಎಂದು ನೀನು ಹೇಳಿದೆಯಂತೆ. "ಬಂದ್ರೆ ಮತ್ತೆ ಹೋಗುವುದಿಲ್ಲ ಮಾರಾಯ, ಅವಳ ಕೋಣೆ ನಿಮಗೆ ಬೇಕಲ್ವಾ?" ಎಂದು ನಿನ್ನ ಪಪ್ಪ ಅಂದನಂತೆ.

"ಆಮೇಲೆ ಕ್ಲಾಯ್ಡ್ ಎಂತ ಹೇಳಿದ?" ಎಂದು ಕೇಳಿದೆ.

"ಏನೂ ಅನ್ಲಿಲ್ರೀ. ಕುಂತು ಉಂಡ್ರು" ಅಂದಳು.

ಹುಡುಗಿಯ ಹೆಸರು ಹನುಮವ್ವನಿಗೆ ಗೊತ್ತಿಲ್ಲ. ಎತ್ತರಕ್ಕಿದ್ದಾಳೆ, ನಗುಮುಖ ಎಂದಷ್ಟೇ ಹೇಳಿದಳು. ಸಂಜೆ ಚಾಪೆಲಿನಲ್ಲಿ ನಿಮ್ಮಿಬ್ಬರಿಗಾಗಿ ಪ್ರಾರ್ಥನೆ ಮಾಡಲು ಕೂತೆ. ನಿನ್ನ ಹೆಸರು ಹೇಳಿದೆ. ಅದರ ಜೊತೆಗೆ ಹೇಳಲು ನನ್ನ ಬಳಿ ಇನ್ನೊಂದು ಹೆಸರಿರಲಿಲ್ಲ.