ಗೇಟಿನಾಚೆ ಕಾಣದ ಗಾಳಿ

ನವೆಂಬರ್ ೧೮, ಮಂಗಳವಾರ

ವಾರವಿಡೀ ನಾನು ನೋಡುತ್ತಿದ್ದದ್ದು ಹಳಸಿದ ಅಂಕಿ. ಆ ಯೋಚನೆ ಬಿಡುತ್ತಲೇ ಇಲ್ಲ.

ಮಗಳ ಬೈಕಿನ ಚಕ್ರಗಳಿಗೆ ಗಾಳಿ ಅಳೆಯುವ ಸೆನ್ಸರ್ ಹಾಕಿಸಿದವಳು ನಾನೇ. "ಅಷ್ಟು ಭಯ ಇದ್ರೆ ಆ್ಯಪ್ ನಿನ್ ಫೋನಲ್ಲೇ ಇಟ್ಕೋ" ಅಂದಿದ್ದಳು. ಇಟ್ಟುಕೊಂಡೆ. ಮೀಟಿಂಗಿನಲ್ಲೂ ಮೇಜಿನ ಕೆಳಗೆ ಕದ್ದು ನೋಡುತ್ತಿದ್ದೆ. ಹಿಂದಿನ ಚಕ್ರದ ಗಾಳಿ ಮೂವತ್ತೆರಡು ಎಂದು ತೋರಿಸಿದರೆ ಜೀವಕ್ಕೆ ಸಮಾಧಾನ.

ಇವತ್ತು ಅದೇ ಚಕ್ರ ಹೆದ್ದಾರಿಯಲ್ಲಿ ಪಂಕ್ಚರ್ ಆಯಿತಂತೆ. ನನ್ನ ಫೋನಿನಲ್ಲಿ ಆಗಲೂ ಮೂವತ್ತೆರಡೇ. ಸಂಜೆ ಮನೆಗೆ ಬಂದವಳಿಗೆ ಅದನ್ನು ಹೇಳಿದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಅಮ್ಮಾ, ಅದು ಬ್ಲೂಟೂತು! ನಾನು ಗೇಟ್ ದಾಟಿದ್ಮೇಲೆ ನಿಂಗೇನೂ ಗೊತ್ತಾಗಲ್ಲ. ನೀನ್ ನೋಡ್ತಿದ್ದಿದ್ದು ಬೆಳಿಗ್ಗೆ ಗಾಳಿ."

ನಗುವ ಮಾತೇ. ಆದರೂ ನಾನು ನಿಶ್ಚಿಂತೆಯಿಂದ ಚಹಾ ಕುಡಿಯುತ್ತಿದ್ದಾಗ ಅವಳು ಲಾರಿಗಳ ಪಕ್ಕ ಬೈಕು ತಳ್ಳುತ್ತಿದ್ದಳು.

ಈಗ ಬೈಕು ಕೆಳಗೇ ನಿಂತಿದೆ, ಅಂಕಿ ನಿಜದ್ದು. ಊಟಕ್ಕೆ ಮುಂಚೆ ಮೂವತ್ಮೂರು ಇದ್ದದ್ದು ಮೂವತ್ತೊಂದಾಗಿದೆ. ಓಡಿ ಬಂದ ಚಕ್ರ ತಣಿದಿರಬೇಕು. ಇಲ್ಲ, ಪಂಕ್ಚರ್ ಸರಿಯಾಗಿ ಹಾಕಿಲ್ಲವೋ ಏನೋ. ಎಬ್ಬಿಸಿದರೆ ಮತ್ತೆ ನಗುತ್ತಾಳೆ. ನಗಲಿ. ಗೇಟಿನೊಳಗೆ ಇರುವಷ್ಟು ಹೊತ್ತಾದರೂ ನೋಡಬಹುದಲ್ಲ. ಇನ್ನೊಂದೇ ಸಲ ನೋಡಿ ದೀಪ ಆರಿಸುತ್ತೇನೆ. ಮೂವತ್ತೊಂದೇ ಇದೆ. ಇನ್ನೊಂದು ಸಲ…